ಹುಟ್ಟಿದ ದಿನ

ನನಗೆ ಹುಟ್ಟುಹಬ್ಬಗಳು ಎರಡು. ಒಂದು ಜೂನ್ 1; ಇನ್ನೊಂದು ಕಾರ್ತಿಕ ಶುದ್ಧ ಪಂಚಮಿ. ಮೊದಲನೆಯದನ್ನು ದಯಪಾಲಿಸಿದವರು ನಮ್ಮೂರ ಪ್ರಾಥಮಿಕ ಶಾಲೆಯ ಹೆಡ್‌ಮಾಸ್ತರರು. ಸೇರಲು ಬಂದ ಹುಡುಗನ ಬಲಗೈಯನ್ನು ತಲೆಯ ಮೇಲಿಂದ ಬಳಸಿ ಎಡಗಿವಿಯನ್ನು ಮುಟ್ಟಿಸುವುದು, ಮುಟ್ಟಿದರೆ ವಯಸ್ಸು ತುಂಬಿತೆಂದು ತೀರ್ಮಾನಿಸಿ, ಶಾಲೆ ಆರಂಭವಾಗುವ ಕಾಲಕ್ಕೆ ಹೊಂದುವಂತೆ ಒಂದು ತಾರೀಖನ್ನು ಬರೆದುಕೊಳ್ಳುವುದು, ಇದು ಅಂದಿನ ಪದ್ಧತಿ. ಹೀಗೆ ನನ್ನ ತಲೆಮಾರಿನ ಎಷ್ಟೋ ಮಂದಿ ಜೂನ್ ಒಂದರಂದೇ ಹುಟ್ಟಿದೆವು. ಮೇ ತಿಂಗಳ ಕೊನೆಯ ದಿನ ಒಟ್ಟಿಗೇ ಹಾರ ಹಾಕಿಸಿಕೊಂಡು ನಿವೃತ್ತರೂ ಆದೆವು.

ಎರಡನೆಯದು ನನ್ನ ತಾಯಿ ಲೆಕ್ಕವಿಟ್ಟಿದ್ದ ದಿನ. ಅಂದು ಬೆಳಗ್ಗೆ ಎಣ್ಣೆ ಒತ್ತಿ ಎರೆದು, ಹಸೆಮಣೆಯ ಮೇಲೆ ಕೂಡಿಸಿ ಆರತಿ ಬೆಳಗುತ್ತಿದ್ದಳು. ಹಾಲಿಗೆ ಬೆಲ್ಲ, ಎಳ್ಳು ಬೆರೆಸಿ ಕುಡಿಸುವಾಗ ಮಾರ್ಕಂಡೇಯನನ್ನೂ ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ ಎಂಬ ಏಳು ಚಿರಂಜೀವಿಗಳನ್ನೂ ನೆನೆಯಬೇಕು. ಸಾವನ್ನು ಗೆದ್ದವರ ಹೆಸರನ್ನು ಮಗುವಿನ ಕಿವಿಯ ಬಳಿ ಹೇಳುವುದರಲ್ಲಿ ಒಂದು ಅಂಜಿಕೆಯಿದೆ. ವರ್ಷ ತುಂಬುವ ಮೊದಲೇ ಎಷ್ಟೋ ಕೂಸುಗಳು ಕಣ್ಮರೆಯಾಗುತ್ತಿದ್ದ ಕಾಲದಲ್ಲಿ ಮತ್ತೊಂದು ವರ್ಷ ದಾಟಿತೆಂಬ ನೆಮ್ಮದಿಯೇ ಹಬ್ಬವಾಗಿತ್ತು. ಇಂದಿನ ಮಕ್ಕಳು ಮೇಣದ ಬತ್ತಿಯನ್ನು ಊದಿ ಆರಿಸುತ್ತಾರೆಂದು ಹಿರಿಯರು ಗೊಣಗುವುದುಂಟು. ನನಗೆ ಆ ತಕರಾರಿಲ್ಲ. ಊದುವ ಮುಂಚಿನ ಕ್ಷಣದಲ್ಲಿ ಆ ಬೆಳಕು ಬಿದ್ದ ಮಗುವಿನ ಮುಖವನ್ನು ಅವರು ನೋಡಿಲ್ಲವೆಂದೇ ತೋರುತ್ತದೆ.

ಚಾಂದ್ರಮಾನದ ವರ್ಷಕ್ಕೆ ಸುಮಾರು 354 ದಿನ. ಆದುದರಿಂದ ತಿಥಿಯ ಹುಟ್ಟುಹಬ್ಬ ಇಂಗ್ಲಿಷ್ ತಾರೀಖಿಗಿಂತ ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಅಧಿಕಮಾಸ ಬಂದಾಗ ಮುಂದಕ್ಕೆ ಜಿಗಿಯುತ್ತದೆ, 19 ವರ್ಷಕ್ಕೊಮ್ಮೆ ಎರಡೂ ಹೆಚ್ಚು ಕಡಿಮೆ ಒಂದೇ ಕಡೆ ಬಂದು ಸೇರುತ್ತವೆ. ನನ್ನ ತಾಯಿಗೆ ಈ ಗಣಿತ ತಿಳಿಯದು. "ಗೌರಿ ಕರು ಹಾಕಿದ ಮಾರನೇ ದಿವಸ ನೀನು ಹುಟ್ಟಿದ್ದು" ಎಂದಷ್ಟೇ ಅವಳ ದಾಖಲೆ. ಗೌರಿ ನಮ್ಮ ಮನೆಯ ಹಸು.

ಹುಟ್ಟಿದ ದಿನವನ್ನು ಆಚರಿಸುವ ರೂಢಿ ಎಲ್ಲೆಲ್ಲೂ ಹಳೆಯದೇ. ಪರ್ಷಿಯನ್ನರು ವರ್ಷದ ಎಲ್ಲ ದಿನಗಳಿಗಿಂತ ತಾವು ಹುಟ್ಟಿದ ದಿನವನ್ನೇ ಹೆಚ್ಚು ಗೌರವಿಸುತ್ತಿದ್ದರೆಂದು ಗ್ರೀಕ್ ಚರಿತ್ರಕಾರ ಹೆರೊಡೋಟಸ್ ಬರೆದಿದ್ದಾನೆ. ನಮ್ಮಲ್ಲಿಯಾದರೋ ಒಂದು ವಿಚಿತ್ರ ಹಂಚಿಕೆ ನಡೆದಿದೆ. ರಾಮನವಮಿ, ಕೃಷ್ಣಾಷ್ಟಮಿ ಎಂದು ದೇವರಿಗೆ ಹುಟ್ಟಿದ ದಿನ. ಸಂತರಿಗೆ ಬಹುಮಟ್ಟಿಗೆ ತೀರಿಕೊಂಡ ದಿನ. ಪುರಂದರದಾಸರ ಆರಾಧನೆ ಪುಷ್ಯ ಬಹುಳ ಅಮಾವಾಸ್ಯೆ. ಕಲಬುರಗಿಯ ಖ್ವಾಜಾ ಬಂದೇನವಾಜರ ಉರುಸು ಕೂಡ ಅವರು ದೇಹ ಬಿಟ್ಟ ದಿನದ ನೆನಪೇ. ಉರುಸು ಎಂದರೆ ಮದುವೆ ಎಂದರ್ಥ; ಆತ್ಮವು ಪರಮಾತ್ಮನನ್ನು ಕೂಡಿತೆಂಬ ಭಾವ. ಜಯಂತಿಯನ್ನು ಸಾರ್ವಜನಿಕವಾಗಿ ಬೀದಿಗೆ ತಂದದ್ದು ಈಚಿನ ಮಾತು. ದಾವಣಗೆರೆಯಲ್ಲಿ ಹರ್ಡೇಕರ ಮಂಜಪ್ಪನವರು ಬಸವ ಜಯಂತಿಯನ್ನು ಹೀಗೆ ಆರಂಭಿಸಿದ್ದು 1913ರಲ್ಲಿ. ಗಾಂಧೀಜಿ ತಮ್ಮ ಹುಟ್ಟಿದ ತಿಥಿಯಾದ ಭಾದ್ರಪದ ಬಹುಳ ದ್ವಾದಶಿಯನ್ನು ಚರಕಕ್ಕೆ ಬಿಟ್ಟುಕೊಟ್ಟರು. ಮೈಸೂರಿನಲ್ಲಿ ಪಾಠ ಹೇಳಿದ್ದ ರಾಧಾಕೃಷ್ಣನ್ ಅವರ ಹುಟ್ಟಿದ ದಿನ 1962ರಿಂದ ಶಿಕ್ಷಕರದಾಯಿತು. ತನ್ನ ದಿನವನ್ನು ಪರರಿಗೆ ಬಿಟ್ಟುಕೊಡುವುದು ದೊಡ್ಡವರಿಗೆ ಸಾಧ್ಯ. ಬಿಟ್ಟುಕೊಡಲು ಒಂದು ದಿನವೇ ಇಲ್ಲದವರು ಏನು ಮಾಡಬೇಕು?

ನನ್ನ ತಂದೆಯ ಷಷ್ಟ್ಯಬ್ದಿ ನಡೆದಾಗ ಈ ಪ್ರಶ್ನೆ ನನ್ನ ತಲೆಗೆ ಬರಬೇಕಿತ್ತು, ಬರಲಿಲ್ಲ. ಗುರುವಿಗೆ ರಾಶಿಚಕ್ರವನ್ನು ಸುತ್ತಲು ಸುಮಾರು 12 ವರ್ಷ, ಶನಿಗೆ 30. ಇಬ್ಬರೂ 60 ವರ್ಷಕ್ಕೆ ಹೊರಟಲ್ಲಿಗೇ ಬಂದು ನಿಲ್ಲುತ್ತಾರೆ. ಹುಟ್ಟಿದ ಸಂವತ್ಸರದ ಹೆಸರೇ ಮರಳಿ ಬರುತ್ತದೆ. ಅಂದು ಪುರೋಹಿತರು ತಂದೆಯ ನಕ್ಷತ್ರ, ರಾಶಿ ಎಲ್ಲವನ್ನೂ ಕೇಳಿದರು. ಪಕ್ಕದಲ್ಲಿ ಸೆರಗು ಹೊದ್ದು ಕುಳಿತಿದ್ದ ತಾಯಿಯದನ್ನು ಕೇಳಲಿಲ್ಲ. ಅವಳಿಗೆ ಎರಡನೆಯ ಬಾರಿ ಮಾಂಗಲ್ಯ ಕಟ್ಟಿಸಿದೆವು, ಫೋಟೋ ತೆಗೆಸಿದೆವು.

ತಂದೆ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಯ ಅರ್ಜಿ ತುಂಬಬೇಕಾಯಿತು. ಜನ್ಮದಿನಾಂಕ ಎಂಬ ಕಲಮಿನಲ್ಲಿ ಪೆನ್ನು ನಿಂತಿತು.

"ಅಮ್ಮ, ನೀನು ಹುಟ್ಟಿದ್ದು ಯಾವತ್ತು?"

"ಅದ್ಯಾರಿಗಪ್ಪ ಗೊತ್ತು? ಅಕ್ಕನಿಗಿಂತ ಎರಡು ವರ್ಷಕ್ಕೆ ಸಣ್ಣವಳು ಅಂತಿದ್ರು."

ಜಾತಕವಿರಲಿಲ್ಲ, ಮದುವೆಗೆ ಹೆಸರುಬಲ ನೋಡಿದ್ದರಂತೆ. ನಾವು ಐವರು ಮಕ್ಕಳ ತಿಥಿಗಳನ್ನೂ, ಹನ್ನೊಂದು ದಿನ ಬದುಕಿದ್ದ ಇನ್ನೊಂದು ಕೂಸಿನ ತಿಥಿಯನ್ನೂ ತಪ್ಪದೆ ಹೇಳಬಲ್ಲ ಅವಳಿಗೆ ತನ್ನದು ಗೊತ್ತಿರಲಿಲ್ಲ. ನಾನೇ ಅಂದಾಜಿನಲ್ಲಿ ಒಂದು ವರ್ಷ ಹಾಕಿ, ಮಾರ್ಚ್ 10 ಎಂದು ಬರೆದೆ. ಅಂದಿನ ಹೆಡ್‌ಮಾಸ್ತರರನ್ನು ಕುರಿತು ನಗುತ್ತಿದ್ದ ನಾನು ಅವರದೇ ಕುರ್ಚಿಯಲ್ಲಿ ಕುಳಿತಿದ್ದೆ.

"ಯಾವ ದಿನ ಬರೆದೆ?" ಎಂದು ಕೇಳಿದಳು. ಹೇಳಿದೆ. "ಅಮಾವಾಸ್ಯೆ ಅಲ್ಲ ತಾನೆ?" ಎಂದಳು, ಅಷ್ಟೆ.

ಮರುವರ್ಷ ಮಾರ್ಚ್ 10ರಂದು ನಾನು ಎದ್ದು ಬರುವ ಹೊತ್ತಿಗೆ ಅವಳ ಸ್ನಾನವಾಗಿತ್ತು. ಪೆಟ್ಟಿಗೆಯಲ್ಲಿದ್ದ ಹಸಿರು ಸೀರೆ ಉಟ್ಟು ದೇವರ ಮುಂದೆ ದೀಪ ಹಚ್ಚುತ್ತಿದ್ದಳು. ಏನು ವಿಶೇಷವೆಂದು ಕೇಳಿದೆ. ಉತ್ತರ ಹೇಳಲು ಕೊಂಚ ನಾಚಿದಳು.

"ಇವತ್ತಲ್ಲವೇನೋ ನೀನು ಬರೆದ ದಿವಸ?"

ಆ ಬೆಳಗ್ಗೆ ನನ್ನ ಹೆಂಡತಿ ಅವಳನ್ನು ಮಣೆಯ ಮೇಲೆ ಕೂಡಿಸಿ ಆರತಿ ಎತ್ತಿದಳು. ಎಳ್ಳು ಬೆಲ್ಲದ ಹಾಲಿನ ಲೋಟ ಹಿಡಿದು ನಾನು ಚಿರಂಜೀವಿಗಳ ಹೆಸರು ಹೇಳಹೊರಟೆ, ಐದಕ್ಕೆ ನಿಂತುಹೋಯಿತು. ಮಿಕ್ಕ ಎರಡನ್ನು ಅವಳೇ ಹೇಳಿಕೊಟ್ಟಳು.

ಅಂಥ ಹಬ್ಬಗಳು ಅವಳಿಗೆ ನಾಲ್ಕು ದೊರೆತವು. ಈಗ ಮಾಘ ಬಹುಳ ನವಮಿಯಂದು ಅವಳ ಶ್ರಾದ್ಧ ಮಾಡುತ್ತೇವೆ. ಪಂಚಾಂಗದಲ್ಲಿ ಎಲ್ಲ ಸರಿಯಾಗಿ ಸಿಗುತ್ತದೆ, ತಪ್ಪುವ ಭಯವಿಲ್ಲ. ಮಾರ್ಚ್ 10ರಂದು ಮಾತ್ರ ಪಂಚಾಂಗ ನೋಡದೆ ನಮ್ಮ ಮನೆಯಲ್ಲಿ ಶ್ಯಾವಿಗೆ ಪಾಯಸ ಮಾಡುತ್ತಾರೆ.