ಗೋದಾಮಿನ ಹಿಂದಿನ ಎರಡೆಕರೆ
(ಬೆಳ್ಳಿಹಬ್ಬದ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತು)



ನಾನು ಎಸ್.ಎಸ್.ಎಲ್.ಸಿ. ತನಕ ಓದಿದ ಒಕ್ಕಲುತನದವ, ಭಾಷಣದ ರೂಢಿ ಇಲ್ಲ. ಸಾಲ, ವಸೂಲಿ, ಗೊಬ್ಬರದ ಲೆಕ್ಕ ಕಾರ್ಯದರ್ಶಿಗಳು ವರದಿಯೊಳಗೆ ಹೇಳ್ಯಾರ. ನಾನು ಗೋದಾಮಿನ ಹಿಂದಿನ ಎರಡೆಕರೆ ಹುಲ್ಲುಗಾವಲಿನ ಬಗ್ಗೆ ಮಾತಾಡತೇನಿ. ಅದರ ಮ್ಯಾಲೆ ಬಹಳ ಮಂದಿಗೆ ಸಿಟ್ಟದ, ನನಗ ಗೊತ್ತು.

ನಾವು ಸಣ್ಣವರಿದ್ದಾಗ ಹಳ್ಳದ ದಂಡಿ, ಹೊಲದ ಬದು, ಗಾಯರಾಣ ಎಲ್ಲಾ ಕಡೆ ತುಂಬಿ ಹೂ, ತಂಗಡಿ ಹೂ ಇರತಿದ್ದವು. ಮಾನ್ವಿ ಕಡೆ ತುಂಗಭದ್ರಾ ಕಾಲುವೆ ಮೊದಲೇ ಇತ್ತು. ದೇವದುರ್ಗ ಕಡೆ ನಾರಾಯಣಪುರ ಬಲದಂಡೆ ಕಾಲುವೆ ನಮ್ಮ ಕಣ್ಣ ಮುಂದೆ ಬಂತು. ನೀರು ಬಂದದ್ದು ಕೆಟ್ಟದ್ದು ಅನ್ನೂದಿಲ್ಲ, ಅದರ ಅನ್ನ ನಾನೂ ಉಂಡೇನಿ. ಆದರೆ ಬದು ಸಣ್ಣದಾತು, ಹೂ ಹೋತು, ಜೇನೂ ಕಡಿಮಿ ಆತು. ಸೂರ್ಯಪಾನದ ತೆನಿ ಜೊಳ್ಳಾಗಲಿಕ್ಕೆ ಜೇನುಹುಳ ಇಲ್ಲದ್ದೂ ಒಂದು ಕಾರಣ.

ಮೊದಲನೆ ವರ್ಷದ ತಪ್ಪು ನನ್ನದೇ. ಸ್ಟೈಲೋ ಮತ್ತು ಅಂಜನ್ ಹುಲ್ಲಿನ ಬೀಜ ತಂದು ಜೋಳ ಬಿತ್ತಿದಂಗ ಕೂರಿಗೆಯಿಂದ ಆಳಕ್ಕ ಬಿತ್ತಿದೆ. ಬಂದದ್ದು ಕಾಂಗ್ರೆಸ್ ಕಸ! ಚಾದಂಗಡಿ ಕಟ್ಟಿ ಮ್ಯಾಲೆ ಕುಂತವರು ನಕ್ಕರು, ನಗಲಿ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಹೋಗಿ ವಿಚಾರಿಸಿದ ಮ್ಯಾಲೆ ತಿಳೀತು. ಸ್ಟೈಲೋ ಬೀಜದ ಸಿಪ್ಪಿ ಗಟ್ಟಿ. ಸುಮಾರು 80 ಡಿಗ್ರಿ ಬಿಸಿನೀರಿನೊಳಗೆ ನಾಕೈದು ನಿಮಿಷ ಇಟ್ಟು, ರಾತ್ರಿ ತಣ್ಣೀರಿನಾಗ ನೆನಸಬೇಕು. ಅಂಜನ್ ಬೀಜ ಹೊಸದಾಗಿದ್ದರ ಮೊಳಿಯೂದಿಲ್ಲ, ಕೆಲವು ತಿಂಗಳು ಹಳೇದಾಗಬೇಕು. ಅದು ಹತ್ತಿಯಂಗ ಹಗುರ, ಹಸಿಮಣ್ಣಿನಾಗ ಕಲಸಿ ಚೆಲ್ಲಬೇಕು.

ಎರಡನೆ ವರ್ಷ ಮಳಿ ಬಿದ್ದ ಕೂಡಲೇ ಬಿತ್ತಲಿಲ್ಲ. ಕಸ ಮೊಳಿಯಲಿಕ್ಕೆ ಬಿಟ್ಟು ಕುಂಟಿ ಹೊಡೆದೆ. ಮತ್ತೆ ಮೊಳೀತು, ಮತ್ತೆ ಹೊಡೆದೆ. ಆಮೇಲೆ ಎಕರೆಗೆ 4 ಕೆ.ಜಿ. ಸ್ಟೈಲೋ, ಜೊತಿಗೆ ಅಂಜನ್, ಒಂದಿಷ್ಟು ಗುರೆಳ್ಳು, ನಮ್ಮ ಬದುವಿನ ತುಂಬಿ ಬೀಜ ಕೈಯಿಂದ ಚೆಲ್ಲಿ, ಮ್ಯಾಲೆ ಮುಳ್ಳುಕಂಟಿ ಎಳೆಸಿದೆ. ಬೆರಳಿನ ಅರ್ಧ ಗೆಣ್ಣಿಗಿಂತ ಆಳ ಹೋಗಬಾರದು. ಕಾಂಗ್ರೆಸ್ ಕಸ ಹೂ ಬಿಡೂದರೊಳಗೆ ಕಿತ್ತೆವು, ಕೈಗೆ ಚೀಲ ಕಟ್ಟಿಕೊಂಡು. ಬರಿಗೈಲೆ ಕಿತ್ತರ ಮೈ ತುರಿಸ್ತದ.

ಒಂದಿನ ಮುಂಜಾನೆ ಕುರಿ ಒಳಗ ಹೊಕ್ಕಿದ್ದವು. ಕಾಯೋ ಹುಡುಗನಿಗೆ ಬಾಯಿಗೆ ಬಂದಂಗ ಬೈದೆ. ಸಂಜಿಗೆ ಅವರಪ್ಪ ಮನಿಗೆ ಬಂದ. “ಅಣ್ಣಾ, ಗಾಯರಾಣ ಉಳಿದಿಲ್ಲ, ಕಾಲುವಿ ದಂಡಿಗೆ ಹೋದ್ರ ಹೊಲದವರು ಬೈತಾರ. ನಾವೆಲ್ಲಿ ಮೇಸೂನು?” ಅಂದ. ನನ್ನ ಹತ್ರ ಉತ್ತರ ಇರಲಿಲ್ಲ. ಹಿಂಗಾಗಿ ಆಡಳಿತ ಮಂಡಳಿಯಲ್ಲಿ ಕುಂತು ಠರಾವು ಮಾಡಿದೆವು: ಎಳೇ ಗಿಡಕ್ಕ ಕುರಿ ಬಿಡೂದು ಬ್ಯಾಡ. ಹೂ ಬಂದ ಮ್ಯಾಲೆ ಗೇಣಿನ ಎತ್ತರಕ್ಕ ಕೊಯ್ದು, ಮೊದಲ ಹೊರಿ ಕುರಿಯವರಿಗೆ. ಮೂರರಲ್ಲಿ ಒಂದು ಪಾಲು ಕೊಯ್ಯದೆ ಬೀಜಕ್ಕ ಬಿಡೂದು. ಬೀಜ ಉದುರಿದ ಮ್ಯಾಲೆ ಕುರಿ ಒಳಗ ಬರಲಿ. ಅವುಗಳ ಕಾಲ್ತುಳಿತಕ್ಕ ಬೀಜ ಮಣ್ಣು ಹಿಡೀತದ.

ಈಗ ಆ ಜಾಗದಾಗ ಒಕ್ಕಲು ಮಾಡೋ ಕಣ ಬೇಕು ಅಂತ ಅರ್ಜಿ ಬಂದದ. ಕಣ ನನಗೂ ಬೇಕು, ನಾನೂ ರಸ್ತೆ ಮ್ಯಾಲೆ ತೊಗರಿ ಹಾಕಿದವನೇ. ರಸ್ತೆ ಕಡೆಯ ಅರ್ಧ ಎಕರೆ ಕಣಕ್ಕ ಕೊಡೋಣ, ಉಳಿದ ಒಂದೂವರೆ ಎಕರೆ ಇನ್ನೆರಡು ವರ್ಷ ಹಿಂಗೇ ಇರಲಿ ಅನ್ನೋದು ನನ್ನ ವಿನಂತಿ. ಮಹಾಸಭೆಯೊಳಗೆ ಕೈ ಎತ್ತೋದಕ್ಕಿಂತ ಮೊದಲು ಒಂದು ಮುಂಜಾನೆ ಬಂದು ನೋಡ್ರಿ, ಹಳದಿ ಹೂವಿನ ಮ್ಯಾಲೆ ಹುಳ ಎಷ್ಟು ಕುಂತಾವ ಅಂತ. ಬದುವಿಗೆ ಬೀಜ ಬೇಕಾದವರು ಕಾರ್ಯದರ್ಶಿಗಳ ಹತ್ರ ಹೆಸರು ಬರೆಸ್ರಿ.