ಒಬ್ಬಳೇ ವಿದ್ಯಾರ್ಥಿನಿಯ ಕಾಲೇಜು



ಒಬ್ಬಳೇ ವಿದ್ಯಾರ್ಥಿನಿಗಾಗಿ ಕಾಲೇಜು ತೆರೆಯುವುದುಂಟೇ? ಕಲ್ಕತ್ತೆಯ ಬೆಥೂನ್ ಶಾಲೆಯಲ್ಲಿ ಅದು ನಡೆಯಿತು. 1849ರಲ್ಲಿ 21 ಬಾಲಕಿಯರೊಂದಿಗೆ ಆರಂಭವಾದ ಶಾಲೆಯದು. ತಮ್ಮಿಬ್ಬರು ಹೆಣ್ಣುಮಕ್ಕಳನ್ನು ಅಲ್ಲಿಗೆ ಕಳಿಸಿದ್ದಕ್ಕೆ ಪಂಡಿತ ಮದನಮೋಹನ ತರ್ಕಾಲಂಕಾರರು ಬಹಿಷ್ಕಾರ ಎದುರಿಸಬೇಕಾಯಿತು.

1879ರಲ್ಲಿ ಕಾದಂಬಿನಿ ಬಸು ಒಬ್ಬರಿಗಾಗಿಯೇ ಕಾಲೇಜು ತರಗತಿ ಶುರುವಾಯಿತು. 1883ರಲ್ಲಿ ಅವರೂ ಚಂದ್ರಮುಖಿ ಬಸು ಅವರೂ ಪದವೀಧರರಾದರು. ಕಾದಂಬಿನಿ ವೈದ್ಯೆಯಾದರು. ಚಂದ್ರಮುಖಿ ಎಂ.ಎ. ಮುಗಿಸಿ ಅಲ್ಲಿಯೇ ಅಧ್ಯಾಪಕಿಯಾಗಿ, 1888ರಲ್ಲಿ ಪ್ರಾಂಶುಪಾಲರಾದರು. ಕವಯಿತ್ರಿ ಕಾಮಿನಿ ರಾಯ್ 1886ರಲ್ಲಿ ಪದವಿ ಪಡೆದು ಅಲ್ಲೇ ಪಾಠ ಹೇಳಿದರು. ಹೀಗೆ ಕಲಿತವರೇ ಕಲಿಸಲು ನಿಂತಾಗ ಕಾಲೇಜು ಹೆಣ್ಣುಮಕ್ಕಳ ಸ್ವಂತದ್ದಾಯಿತು.

ಮಕ್ಕಳ ಸಂಖ್ಯೆ ಸಾಲದೆಂದು ತರಗತಿಗೆ ಬೀಗ ಹಾಕುವ ಮುನ್ನ, ಒಂದೇ ಹೆಸರಿದ್ದ ಆ ತರಗತಿಯನ್ನು ನೆನೆಯೋಣ.