ಅಂಗಸಾಧನೆಯೂ ರಕ್ತದ ಸಕ್ಕರೆಯೂ



ಊಟವಾದೊಡನೆ ಒರಗುಕುರ್ಚಿಯನ್ನರಸುವುದು ಪೇಟೆವಾಸಿಗಳಾದ ನಮ್ಮೆಲ್ಲರ ಅಭ್ಯಾಸವಷ್ಟೆ. ಆ ವೇಳೆಗೆ ಅನ್ನದ ಪಿಷ್ಟವು ಗ್ಲೂಕೋಸೆಂಬ ಸಕ್ಕರೆಯಾಗಿ ರಕ್ತವನ್ನು ಸೇರತೊಡಗಿರುತ್ತದೆ. ಅದು ಸ್ನಾಯುವಿನ ಜೀವಕೋಶವನ್ನು ಹೊಗಬೇಕು. ಆದರೆ ಕೋಶದ ಪೊರೆ ಕೊಬ್ಬಿನದು. ಸಕ್ಕರೆಯೋ ನೀರಿನಲ್ಲಿ ಕರಗತಕ್ಕದ್ದು. ಬಾಗಿಲಿಲ್ಲದೆ ಪ್ರವೇಶವಿಲ್ಲ.

ಆ ಬಾಗಿಲು ಒಂದು ಪ್ರೋಟೀನು. 1988-89ರಲ್ಲಿ ಗುರುತಿಸಲ್ಪಟ್ಟ ಇದಕ್ಕೆ ಗ್ಲುಟ್-4 ಎಂದು ಹೆಸರು. ವಿಚಿತ್ರವೇನೆಂದರೆ, ಇದು ಸದಾ ಪೊರೆಯಲ್ಲಿ ನಿಂತಿರುವುದಿಲ್ಲ. ಬಹುಪಾಲು ಕೋಶದೊಳಗೆ ಅತಿಸಣ್ಣ ಚೀಲಗಳಲ್ಲಿ ಅಡಗಿರುತ್ತದೆ. ಮೇದೋಜೀರಕಾಂಗವು ಸ್ರವಿಸುವ ಇನ್ಸುಲಿನ್ ಬಂದು ಕರೆದಾಗ ಆ ಚೀಲಗಳು ಅಂಚಿಗೆ ಸರಿದು ಪೊರೆಯೊಡನೆ ಬೆರೆಯುತ್ತವೆ. ಎರಡನೆಯ ಬಗೆಯ ಮಧುಮೇಹದಲ್ಲಿ ಈ ಕರೆಗೆ ಓಗೊಡುವ ಶಕ್ತಿಯೇ ಕುಗ್ಗಿರುತ್ತದೆ.

ಸ್ನಾಯುವಿಗೆ ಮತ್ತೊಂದು ದಾರಿಯುಂಟು. ನಾವು ನಡೆಯುವಾಗ ಅದರ ತಂತುಗಳಲ್ಲಿ ಕ್ಯಾಲ್ಸಿಯಂ ಹರಡುತ್ತದೆ, ಶಕ್ತಿಯನ್ನೊದಗಿಸುವ ಎ.ಟಿ.ಪಿ. ಅಣುಗಳು ಖರ್ಚಾಗುತ್ತವೆ. ಇವೇ ಮೊದಲಾದ ಸೂಚನೆಗಳಿಂದ ಚೀಲಗಳು ಇನ್ಸುಲಿನ್ನಿನ ಹಂಗಿಲ್ಲದೆಯೇ ಹೊರಡುತ್ತವೆ. ಮಧುಮೇಹಿಗಳಲ್ಲಿಯೂ ಈ ದಾರಿ ಬಹುಮಟ್ಟಿಗೆ ಕೆಡದೆ ಉಳಿದಿರುತ್ತದೆ. ಉಂಡ ಬಳಿಕ ನೂರು ಹೆಜ್ಜೆ ನಡೆಯಿರೆಂದು ಹಿರಿಯರು ಹೇಳಿದಾಗ ನಕ್ಕವರಲ್ಲಿ ನಾವೂ ಸೇರಿದ್ದೆವು. ಈಗ ನಗು ಬರುವುದಿಲ್ಲ.

ದುಡಿದ ಸ್ನಾಯು ಮುಂದೆಯೂ ಹಲವು ಗಂಟೆಗಳ ಕಾಲ, ಕೆಲವೊಮ್ಮೆ ಎರಡು ದಿನಗಳವರೆಗೆ, ಇನ್ಸುಲಿನ್ನಿಗೆ ಚುರುಕಾಗಿ ಓಗೊಡುತ್ತದೆ. ಬಳಿಕ ಆ ಗುಣ ಇಳಿದುಹೋಗುತ್ತದೆ. ಭಾನುವಾರ ಮಾತ್ರ ಗರಡಿಯಲ್ಲಿ ಬೆವರಿಳಿಸಿ ವಾರವೆಲ್ಲ ಕಚೇರಿಯ ಕುರ್ಚಿಗಂಟುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇನ್ಸುಲಿನ್ ಚುಚ್ಚಿಸಿಕೊಳ್ಳುವವರಾದರೋ ವೈದ್ಯರನ್ನು ಕೇಳಿಯೇ ಹೊರಡತಕ್ಕದ್ದು. ಎರಡು ದಾರಿಗಳೂ ಒಮ್ಮೆಗೇ ತೆರೆದರೆ ರಕ್ತದ ಸಕ್ಕರೆ ಮಿತಿಮೀರಿ ಇಳಿದೀತು.